ಎರಡು ದಿನದಲ್ಲಿ ಮನೆಗೆ ಬಣ್ಣ: ಒಂದು ಗೋಡೆ ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿದೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ. ಕೆಲಸ ಮಾಡಿದವರಿಗೆ ಐದು, ಅವರನ್ನು ಕಳಿಸಿದ ಕಂಪನಿಗೆ ಎರಡು, ಸರಾಸರಿ ತೆಗೆದರೆ ಮೂರೂವರೆ ಬರುತ್ತದೆ. ಕಂಪನಿ ಹೆಸರು ಬೇಡ. ಫೋನಿನಲ್ಲಿ ಬುಕ್ ಮಾಡಿ, ಶನಿವಾರ ಬಂದು ಭಾನುವಾರ ರಾತ್ರಿ ಮುಗಿಸಿ ಹೋಗ್ತೀವಿ ಅನ್ನುವವರು ಬೆಂಗಳೂರಿನಲ್ಲಿ ಈಗ ಸುಮಾರು ಜನ ಇದ್ದಾರೆ. ನೀವು ಯಾರನ್ನು ಕರೆದರೂ ನನ್ನ ಅನುಭವದಲ್ಲಿ ಅರ್ಧ ನಿಮಗೂ ಆಗುತ್ತದೆ ಅಂತ ನನ್ನ ಅಂದಾಜು.

ನಮ್ಮದು ಹನುಮಂತನಗರದ ಕಡೆ, 1998ರಲ್ಲಿ ಮಾವನವರು ಕಟ್ಟಿಸಿದ ಮನೆ. ಮೇಲಿನ ಮಹಡಿಯಲ್ಲಿ ನಾವಿದ್ದೇವೆ. ಹಾಲ್, ಎರಡು ರೂಮು, ಅಡುಗೆಮನೆ, ಮೊಸಾಯಿಕ್ ನೆಲ, ಗೋಡೆಯೊಳಗೆ ಕಡಪ ಕಲ್ಲಿನ ಶೆಲ್ಫು. ಹಾಲಿಗೆ ಹನ್ನೊಂದು ವರ್ಷದ ಹಿಂದೆ ಹೊಡೆಸಿದ ಗಿಳಿಹಸಿರು ಡಿಸ್ಟೆಂಪರ್, ಅಂದರೆ ಸೀಮೆಸುಣ್ಣದ ಪುಡಿಯಂಥ ಅಗ್ಗದ ಬಣ್ಣ, ಇತ್ತು. ಸೋಫಾ ಹಿಂದೆ ಒರಗಿ ಕೂತವರ ತಲೆಯೆಣ್ಣೆ ಹತ್ತಿ ಮೂರು ದುಂಡನೆಯ ಕಲೆಗಳು. ಯಾರು ಎಲ್ಲಿ ಕೂರುತ್ತಾರೆ ಅಂತ ಮನೆಗೆ ಹೊಸದಾಗಿ ಬಂದವರೂ ಹೇಳಬಹುದಿತ್ತು. ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ನಾದಿನಿಯರೆಲ್ಲ ನಮ್ಮ ಮನೆಗೇ ಬರುವುದು ಅಂತ ಆಯಿತು, ಅತ್ತೆ ಒಂದು ಸಲ ಗೋಡೆ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. ಅಷ್ಟೇ.

ಶ್ರಾವಣದಲ್ಲಿ ಬಣ್ಣ ಹೊಡೆಸಬಾರದು ಅಂತ ಗೊತ್ತಿಲ್ಲದೆ ಏನಲ್ಲ. ಗಾಳಿಯಲ್ಲೇ ನೀರಿರುತ್ತೆ, ಯಾವುದೂ ಬೇಗ ಒಣಗುವುದಿಲ್ಲ. ಆದರೆ ಇಬ್ಬರಿಗೂ ರಜೆ ಇಲ್ಲ, ಗೊತ್ತಿರುವ ಕಂಟ್ರಾಕ್ಟರ್ ಒಬ್ಬರನ್ನು ಕೇಳಿದರೆ ಆರು ದಿನ ಬೇಕು ಮೇಡಂ ಅಂದರು. ಅವರ ರೇಟು ಕಡಿಮೆ, ಎಲ್ಲ ಸೇರಿ 38,000, ಬಿಲ್ಲು ಇಲ್ಲ. ಆರು ದಿನ ಮನೆಯಲ್ಲಿ, ಗೋಡೆ ನುಣುಪು ಮಾಡಲು ಬಳಿಯುವ ಪುಟ್ಟಿಯ ಧೂಳಿನ ಮಧ್ಯೆ ಅನ್ನ ಸಾರು ಮಾಡಿಕೊಂಡು ಆಫೀಸಿಗೆ ಹೋಗುವುದನ್ನು ನೆನೆಸಿಕೊಂಡೇ ಸುಸ್ತಾಗಿ ಈ ಎರಡು ದಿನದವರಿಗೆ ಹ್ಞೂಂ ಅಂದುಬಿಟ್ಟೆ.

ಅಳತೆಗೆ ಬಂದ ಸೂಪರ್‌ವೈಸರ್ ಹುಡುಗ ತುಂಬ ಚುರುಕು. ಲೇಸರ್ ಮೀಟರ್ ಹಿಡಿದು ಟಕ್ ಟಕ್ ಅಂತ ಹತ್ತು ನಿಮಿಷದಲ್ಲಿ ಇಡೀ ಮನೆ ಅಳೆದ. ಒಟ್ಟು 3,040 ಚದರ ಅಡಿ, ಅಡಿಗೆ 16 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ನಮ್ಮ ಯಜಮಾನರು ಇಂಥ ವಿಷಯದಲ್ಲಿ ಸ್ವಲ್ಪ ಲೆಕ್ಕಾಚಾರದವರು. ರಾತ್ರಿ ಊಟ ಆದ ಮೇಲೆ ಟೇಪು ಹಿಡಿದು ಅವರೂ ಅಳೆದರು, ನಾನು ಇನ್ನೊಂದು ತುದಿ ಹಿಡಿದುಕೊಂಡಿದ್ದೆ. ಬಾಗಿಲು ಕಿಟಕಿ ಕಳೆದಿರಲಿಲ್ಲ, ರೂಮಿನ ವಾರ್ಡ್‌ರೋಬ್ ಹಿಂದಿನ ಗೋಡೆಯನ್ನೂ ಸೇರಿಸಿದ್ದರು. ಆ ವಾರ್ಡ್‌ರೋಬ್ ಗೋಡೆಗೇ ಜಡಿದಿರುವುದು, ಅದರ ಹಿಂದೆ ಬಣ್ಣ ಹೊಡೆಯಬೇಕಾದರೆ ಇಲಿಮರಿಗೆ ಬ್ರಷ್ ಕೊಡಬೇಕು. ಬೆಳಿಗ್ಗೆ ಫೋನ್ ಮಾಡಿ ಕೇಳಿದ ತಕ್ಷಣ ಒಂದು ಮಾತೂ ಆಡದೆ 2,800ಕ್ಕೆ ಇಳಿಸಿದರು. ಗೋಡೆ 1,900, ಸೀಲಿಂಗು 900. ಬಿಲ್ಲು 57,395 ಇದ್ದದ್ದು 52,864 ಆಯಿತು, ನಾಲ್ಕೂವರೆ ಸಾವಿರ ಉಳಿಯಿತು. ವಾದವೇ ಮಾಡದೆ ಇಳಿಸಿದರು ಅಂದರೆ ಏನರ್ಥ ನೀವೇ ಹೇಳಿ. ಕೇಳದೇ ಇದ್ದವರ ಮನೆಯಲ್ಲಿ ವಾರ್ಡ್‌ರೋಬ್ ಹಿಂದೆಯೂ ದುಡ್ಡು ಬಳಿದುಕೊಂಡು ಹೋಗಿರುತ್ತಾರೆ.

ಇನ್ನು ಯಾವ ಪೇಂಟು ಅನ್ನುವ ಪುರಾಣ. ಎಮಲ್ಷನ್, ಅಂದರೆ ನೀರಿನಲ್ಲಿ ಕಲಸಿ ಹೊಡೆಯುವ ಗೋಡೆ ಬಣ್ಣ, ಎಲ್ಲ ಕಂಪನಿಯಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಇದೆ. ಏಷ್ಯನ್ ಪೇಂಟ್ಸ್‌ನಲ್ಲಿ ಕೆಳಗೆ ಟ್ರ್ಯಾಕ್ಟರ್ ಎಮಲ್ಷನ್, ಮಧ್ಯೆ ಆಪ್ಕೊಲೈಟ್, ಮೇಲೆ ರಾಯಲ್. ಬರ್ಜರ್‌ನಲ್ಲಿ ಬೈಸನ್‌ನಿಂದ ಸಿಲ್ಕ್‌ವರೆಗೆ. ಮೇಲೆ ಹೋದ ಹಾಗೆ ಗೋಡೆ ಒರೆಸಿದರೆ ತಡೆಯುವ ಶಕ್ತಿ ಜಾಸ್ತಿ, ಹೊಳಪೂ ಜಾಸ್ತಿ. ಹೊಳಪು ಜಾಸ್ತಿಯಾದಷ್ಟೂ ಗೋಡೆಯ ಉಬ್ಬುತಗ್ಗು ಎದ್ದು ಕಾಣುತ್ತದೆ ಅನ್ನುವುದನ್ನು ಮಾತ್ರ ಮಾರುವವರು ಹೇಳುವುದಿಲ್ಲ. ನಮ್ಮ ಹಳೇ ಗಾರೆ ಗೋಡೆಗೆ ರಾಯಲ್ ಹೊಡೆಸಿದ್ದರೆ ಇಪ್ಪತ್ತೈದು ವರ್ಷದ ಎಲ್ಲ ತೇಪೆಗಳೂ ಮೆರವಣಿಗೆ ಹೊರಡುತ್ತಿದ್ದವು. ಮಧ್ಯದ ದರ್ಜೆ ಸಾಕು ಅಂದೆವು, ಸೀಲಿಂಗಿಗೆ ಕೆಳಗಿನದು. ಸೀಲಿಂಗನ್ನು ಯಾರು ಒರೆಸುತ್ತಾರೆ?

ಬಣ್ಣ ಆರಿಸುವಾಗ ಶೇಡ್ ಕಾರ್ಡ್ ನಂಬಬೇಡಿ, ಇದು ಮಾತ್ರ ಕೈ ಮುಗಿದು ಹೇಳುತ್ತೇನೆ. ಬೆರಳಗಲದ ಚೌಕದಲ್ಲಿ ತಿಳಿಯಾಗಿ ಕಂಡ ಬಣ್ಣ ನಾಲ್ಕು ಗೋಡೆಗೆ ಬಿದ್ದಾಗ ಒಂದಕ್ಕೊಂದು ಪ್ರತಿಫಲಿಸಿ ಎರಡು ಪಟ್ಟು ಗಾಢವಾಗುತ್ತದೆ. ಯಜಮಾನರು ಒಂದು ಬೂದು ಬಣ್ಣ ಆರಿಸಿದ್ದರು, ಮೊಬೈಲಿನಲ್ಲಿ ನೋಡಿದರೆ ಸ್ಟಾರ್ ಹೋಟೆಲ್ ಹಾಗಿತ್ತು. ನಾನು ಹಟ ಹಿಡಿದು ಚಿಕ್ಕ ಸ್ಯಾಂಪಲ್ ಡಬ್ಬ ತರಿಸಿ ಟಿವಿ ಪಕ್ಕ ಎರಡಡಿ ಹೊಡೆಸಿದೆ. ಬೆಳಿಗ್ಗೆ ಪರವಾಗಿರಲಿಲ್ಲ. ಸಂಜೆ ಟ್ಯೂಬ್‌ಲೈಟ್ ಹಾಕಿದ ಮೇಲೆ ಅತ್ತೆ ಬಂದು ನೋಡಿ, "ಪಾತ್ರೆ ತಿಕ್ಕೋ ಬೂದಿ ಹಚ್ಚಿದ ಹಾಗಿದೆಯಲ್ಲೋ ಮಾರಾಯಾ" ಅಂದರು. ಅಲ್ಲಿಗೆ ಸ್ಟಾರ್ ಹೋಟೆಲ್ ಮುಚ್ಚಿತು. ಕೊನೆಗೆ ಹಾಲಿಗೆ ತೆಳು ಕೆನೆ ಬಣ್ಣ, ರೂಮುಗಳಿಗೆ ಅದಕ್ಕಿಂತ ಒಂದು ಮೆಟ್ಟಿಲು ಗಾಢ.

ಶುಕ್ರವಾರ ರಾತ್ರಿಯ ಕೆಲಸ ನಮ್ಮದು. ಪರದೆ, ಫೋಟೋ, ಮೊಳೆ, ಅಟ್ಟದ ತಾಮ್ರದ ಹಂಡೆ, ಎಲ್ಲ ಇಳಿಸಿದೆವು. ಸಾಮಾನು ಸರಿಸುವುದೂ ಪ್ಯಾಕೇಜಲ್ಲಿ ಸೇರಿದೆ ಅಂತ ಬರೆದಿರುತ್ತಾರೆ, ನಿಜ, ಬೀರು ಮಂಚ ಎಲ್ಲ ಅವರೇ ಸರಿಸಿದರು. ಆದರೆ ಬೀರುವಿನೊಳಗಿನ ಬಟ್ಟೆ, ಗಾಜಿನ ಸಾಮಾನು ಅವರು ಮುಟ್ಟುವುದಿಲ್ಲ, ಮುಟ್ಟಲೂ ಬಾರದು. ಮಕ್ಕಳನ್ನು ತುಮಕೂರಿಗೆ ಅಮ್ಮನ ಮನೆಗೆ ಕಳಿಸಿದ್ದೆ. ಅದಕ್ಕೆ ಕಾರಣ ಇದೆ. ಅಡುಗೆಮನೆಯಲ್ಲಿ ನಾಲ್ಕಡಿ ಎತ್ತರಕ್ಕೆ ಹಳೇ ಆಯಿಲ್ ಪೇಂಟ್ ಇತ್ತು, ಮನೆ ಕಟ್ಟಿದಾಗಿನದು. ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್ 1ರಂದು. ಅದಕ್ಕೆ ಮುಂಚಿನ ಆಯಿಲ್ ಪೇಂಟನ್ನು ಒಣ ಒಣವಾಗಿ ಉಜ್ಜಿದರೆ ಆ ಧೂಳು ಚಿಕ್ಕ ಮಕ್ಕಳ ಮೈಗೆ ಒಳ್ಳೆಯದಲ್ಲ. ಇದನ್ನು ಕಂಪನಿಯವರು ಕೇಳಲಿಲ್ಲ, ನಾನೇ ಹೇಳಿ ಆ ಭಾಗ ನೀರು ಹಾಕಿ ಉಜ್ಜಿಸಿದೆ. ಮನೆ ಹಳೆಯದಾಗಿದ್ದು ಮಕ್ಕಳೋ ಬಸುರಿಯರೋ ಇದ್ದರೆ ನೀವೂ ಬಾಯಿ ಬಿಟ್ಟು ಹೇಳಿ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಂದವರು ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬಂದರು. ನಾಲ್ಕು ಜನ. ಮೇಸ್ತ್ರಿ ಯಾದಗಿರಿ ಕಡೆಯವರು, ನಲವತ್ತೈದರ ಆಸುಪಾಸು, ಮಾತು ಕಡಿಮೆ. ಒಳಗೆ ಬಂದವರೇ ಚಪ್ಪಲಿ ಬಿಟ್ಟು, ಮೊದಲು ಮಾಡಿದ್ದೇನು ಗೊತ್ತಾ? ಅಂಗೈಯನ್ನು ಹಾಲಿನ ಗೋಡೆಗೆ ಒತ್ತಿ ಎಳೆದು ನನ್ನ ಕಡೆ ತೋರಿಸಿದರು. ಅಂಗೈ ತುಂಬ ಹಸಿರು ಪುಡಿ. ಹಳೇ ಡಿಸ್ಟೆಂಪರ್ ಹೀಗೆ ಪುಡಿ ಬಿಡುತ್ತಿದ್ದರೆ ಅದರ ಮೇಲೆ ನೇರವಾಗಿ ಎಮಲ್ಷನ್ ಹೊಡೆಯುವ ಹಾಗಿಲ್ಲ, ಪೇಂಟು ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಆ ಪುಡಿಯನ್ನು. ಪುಡಿ ಉದುರಿದ ದಿನ ಪೇಂಟೂ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಪ್ಯಾಕೇಜಿನಲ್ಲಿ ಹಾಲಿಗೆ ಪ್ರೈಮರ್, ಅಂದರೆ ಪೇಂಟು ಗೋಡೆಗೆ ಹಿಡಿಯಲಿ ಅಂತ ಮೊದಲು ಹೊಡೆಯುವ ತಳದ ಕೋಟ್, ಇರಲೇ ಇಲ್ಲ, ಬರೀ ಟಚಪ್ ಪುಟ್ಟಿ ಮತ್ತು ಎರಡು ಕೋಟ್. ಮೇಸ್ತ್ರಿ ಸೂಪರ್‌ವೈಸರ್‌ಗೆ ಫೋನ್ ಹಚ್ಚಿ ಐದು ನಿಮಿಷ ಮಾತಾಡಿ ಪ್ರೈಮರ್ ತರಿಸಿದರು. ನನ್ನ ಹತ್ತಿರ ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ, ಯಾರ ತಪ್ಪು ಅಂತ ಅವರಿಗೂ ಗೊತ್ತಿತ್ತು ಅನ್ನಿಸುತ್ತೆ.

ಹೊದಿಸುವುದು, ಟೇಪು ಹಚ್ಚುವುದು ನೋಡಲೇ ಚೆಂದ. ಸೋಫಾ, ಟಿವಿ, ಫ್ಯಾನು, ಸ್ವಿಚ್ ಬೋರ್ಡು, ಸ್ಕರ್ಟಿಂಗ್, ಒಂದೂ ಬಿಡಲಿಲ್ಲ. ದೇವರಮನೆಗೆ ಪ್ಲಾಸ್ಟಿಕ್ ಹೊದಿಸುವ ಮುಂಚೆ ಹುಡುಗನೊಬ್ಬ ಅತ್ತೆಯನ್ನು ಕೇಳಿ, ನಂದಾದೀಪ ಆರಿದೆಯಾ ಅಂತ ನೋಡಿ, ಆಮೇಲೆ ಹೊದಿಸಿದ. ಅತ್ತೆ ಅಲ್ಲಿಂದ ಆ ಹುಡುಗನಿಗೆ ಎರಡು ಸಲ ಜಾಸ್ತಿ ಕಾಫಿ ಕೊಟ್ಟರು. ಉಜ್ಜುವುದಕ್ಕೆ ಮಷಿನ್ ತಂದಿದ್ದರು, ಧೂಳು ಎಳೆದುಕೊಳ್ಳುವ ಪೈಪಿರುವಂಥದ್ದು. ಪೂರ್ತಿ ಧೂಳೇ ಇಲ್ಲ ಅಂತ ಜಾಹೀರಾತಿನಲ್ಲಿ ಹೇಳುವುದು ಸುಳ್ಳು, ಮೂಲೆಗಳನ್ನು ಕೈಯಲ್ಲೇ ಉಪ್ಪು ಕಾಗದ ಹಾಕಿ ಉಜ್ಜಬೇಕು, ಧೂಳು ಬಂದೇ ಬರುತ್ತದೆ. ಆದರೆ ಹಿಂದಿನ ಸಲ ಪೇಂಟು ಹೊಡೆಸಿದಾಗ ಉಪ್ಪಿನಕಾಯಿ ಜಾಡಿಯ ಮುಚ್ಚಳದೊಳಗೂ ಬಿಳಿ ಪುಡಿ ಸೇರಿತ್ತು. ಈ ಸಲ ಅದರಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಈ ಒಂದು ವಿಷಯಕ್ಕೆ ಕೊಟ್ಟ ಜಾಸ್ತಿ ದುಡ್ಡಿಗೆ ಬೇಜಾರಿಲ್ಲ.

ಈಗ ಆ ಗೋಡೆ ವಿಷಯ.

ಹಿಂದಿನ ರೂಮಿನಲ್ಲಿ ಬಚ್ಚಲುಮನೆಗೆ ಅಂಟಿಕೊಂಡಿರುವ ಗೋಡೆ ಒಂದಿದೆ. ಕೆಳಗಿನ ಎರಡಡಿ ಯಾವಾಗಲೂ ಉಬ್ಬಿಕೊಂಡು, ಬಿಳಿ ಉಪ್ಪು ಬಂದು, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿತ್ತು. ಅಳತೆಗೆ ಬಂದ ದಿನ ಸೂಪರ್‌ವೈಸರ್ ತೇವ ಅಳೆಯುವ ಮೀಟರ್ ಒತ್ತಿದಾಗಲೇ ಅದು ಕೀಂ ಅಂತ ಕೂಗಿತ್ತು. ಏನೂ ಆಗಲ್ಲ ಮೇಡಂ, ಡ್ಯಾಂಪ್ ಪ್ರೂಫ್ ಕೋಟ್ ಹೊಡೆದರೆ ಸರಿಹೋಗುತ್ತೆ ಅಂತ ಬಿಲ್ಲಿಗೆ 3,200 ಸೇರಿಸಿದ. ಶನಿವಾರ ಮಧ್ಯಾಹ್ನ ಮೇಸ್ತ್ರಿ ಆ ಗೋಡೆ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳ ಗೆಣ್ಣಿನಿಂದ ತಟ್ಟಿದರು. ಮೇಲೆ ತಟ್ಟಿದಾಗ ಗಟ್ಟಿ ಸದ್ದು, ಕೆಳಗೆ ಬಂದ ಹಾಗೆ ಹಣ್ಣಾದ ಕಲ್ಲಂಗಡಿಯ ಹಾಗೆ ಡಬ್ ಡಬ್. ಪುಟ್ಟಿ ಬಳಿಯುವ ತಗಡಿನ ಪಟ್ಟಿಯ ಮೂಲೆಯಿಂದ ಸ್ವಲ್ಪ ಕೆರೆದರು. ಪೇಂಟು, ಅದರ ಹಿಂದೆ ಪುಟ್ಟಿ, ಅದರ ಹಿಂದೆ ಗಾರೆ, ಮೂರೂ ಒಟ್ಟಿಗೆ ಒದ್ದೆ ಬಿಸ್ಕತ್ತಿನ ಹಾಗೆ ಕೈಗೆ ಬಂತು. ಅದನ್ನು ಬೆರಳಲ್ಲಿ ಹಿಸುಕಿ ತೋರಿಸಿ ಹೇಳಿದರು, "ಅಕ್ಕಾರ, ಈ ಗ್ವಾಡಿ ಒಳಗ ಇನ್ನಾ ಹಸಿ ಅದ. ನೀರು ಆ ಕಡಿಯಿಂದ ಬರ್ಲಿಕತ್ತದ, ನಾವು ಈ ಕಡಿ ಹಚ್ಚಿದ್ರ ಏನ್ ಉಪಯೋಗ? ತಿಂಗಳೊಳಗ ಕಿತ್ಕೊಂಡು ಬರ್ತದ ನೋಡ್ರಿ."

ಎಷ್ಟು ಸರಳ ಅಲ್ವಾ? ಬಚ್ಚಲಿನ ಟೈಲ್ಸ್ ಸಂದಿಯಿಂದಲೋ ಪೈಪಿನಿಂದಲೋ ನೀರು ಗೋಡೆಯೊಳಗೆ ಇಳಿಯುತ್ತಿದೆ. ಈ ಕಡೆ ಎಷ್ಟೇ ಗಟ್ಟಿ ಪೊರೆ ಹಾಕಿದರೂ ಹಿಂದಿನಿಂದ ಬರುವ ನೀರು, ಅದರ ಜೊತೆ ಬರುವ ಉಪ್ಪು, ಆ ಪೊರೆಯನ್ನೇ ತಳ್ಳಿಕೊಂಡು ಬರುತ್ತದೆ. ಮೊದಲು ಸೋರಿಕೆ ನಿಲ್ಲಿಸಬೇಕು, ಸತ್ತ ಗಾರೆ ಕೆತ್ತಿ ತೆಗೆಯಬೇಕು, ಗೋಡೆ ಒಣಗಲು ಬಿಡಬೇಕು, ಹೊಸ ಗಾರೆ ಹಾಕಿದರೆ ಅದು ಪಕ್ವವಾಗಲಿಕ್ಕೇ 28 ದಿನ ಬೇಕು. ಶನಿವಾರ ಭಾನುವಾರದಲ್ಲಿ ಇದೆಲ್ಲಿ ಹಿಡಿಸುತ್ತೆ?

ನಾನು ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಆ ಒಂದು ಗೋಡೆ ಬಿಟ್ಟುಬಿಡಿ, 3,200 ಕಳೆಯಿರಿ ಅಂದೆ. ಆರ್ಡರ್ ಒಮ್ಮೆ ಸಿಸ್ಟಮ್‌ಗೆ ಹೋದ ಮೇಲೆ ಬದಲಾಯಿಸೋಕೆ ಆಗಲ್ಲ ಮೇಡಂ, ಒಂದು ವರ್ಷ ವಾರಂಟಿ ಇದೆಯಲ್ಲ, ನೀವು ಟೆನ್ಷನ್ ತಗೋಬೇಡಿ ಅಂದ. ಇಲ್ಲಿ ನನ್ನದೂ ತಪ್ಪಿದೆ. ವಾರಂಟಿ ಅಂದ ತಕ್ಷಣ ಸುಮ್ಮನಾದೆ, ಆ ಕಾಗದ ಓದಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದರು, ಫೋನು ನೋಡಿದರು, ಹೇಳಿದ ಕೆಲಸ ಮಾಡಿದರು.

ಭಾನುವಾರ ಇಡೀ ದಿನ ಜಿಟಿಜಿಟಿ ಮಳೆ. ಎರಡು ಕೋಟ್ ಮಧ್ಯೆ ಕನಿಷ್ಠ ನಾಲ್ಕು ಗಂಟೆ ಬಿಡಬೇಕು, ತಂಡಿ ಇದ್ದರೆ ಇನ್ನೂ ಜಾಸ್ತಿ. ಬೆಳಿಗ್ಗೆ ಒಂಬತ್ತೂವರೆಗೆ ಮೊದಲ ಕೋಟ್ ಶುರುಮಾಡಿದರು. ಒಬ್ಬ ಬ್ರಷ್ಷಿನಲ್ಲಿ ಅಂಚುಗಳ ಕಟಿಂಗ್ ಹೊಡೆಯುತ್ತಾ ಮುಂದೆ ಹೋದರೆ, ಅದು ಒಣಗುವ ಮೊದಲೇ ಇನ್ನೊಬ್ಬ ಹಿಂದಿನಿಂದ ರೋಲರ್ ತರುತ್ತಿದ್ದ. ಒಂದು ಗೋಡೆ ಶುರುಮಾಡಿದರೆ ಮುಗಿಯುವವರೆಗೆ ನಿಲ್ಲಿಸಬಾರದು, ಇಲ್ಲದಿದ್ದರೆ ಒಣಗಿದ ಅಂಚಿನ ಮೇಲೆ ಹಸಿ ಪೇಂಟು ಬಿದ್ದು ಗೆರೆ ಬರುತ್ತದೆ. ಇದನ್ನು ನನಗೆ ಹೇಳಿಕೊಟ್ಟಿದ್ದೇ ಅವರು. ಆದರೂ ಹಾಲಿನ ದೊಡ್ಡ ಗೋಡೆಯಲ್ಲಿ ಅರ್ಧಕ್ಕೆ ಕರೆಂಟು ಹೋಗಿ ಹದಿನೈದು ನಿಮಿಷ ನಿಂತರು, ಅಲ್ಲೊಂದು ಗೆರೆ ಉಳಿದಿದೆ. ಬೆಳಿಗ್ಗೆ ಏಳು ಗಂಟೆಗೆ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಾಗ ಹತ್ತು ನಿಮಿಷ ಕಾಣುತ್ತದೆ, ಆಮೇಲೆ ಮಾಯ. ನನಗೆ ಬಿಟ್ಟು ಯಾರಿಗೂ ಕಂಡಿಲ್ಲ. ತೋರಿಸಿದ ಮೇಲೆ ಎಲ್ಲರಿಗೂ ಕಾಣುತ್ತಿದೆ, ಆದ್ದರಿಂದ ತೋರಿಸುವುದು ನಿಲ್ಲಿಸಿದ್ದೇನೆ.

ಡಬ್ಬಗಳ ಲೆಕ್ಕ ಮಾತ್ರ ಬಿಡಬೇಡಿ. ನುಣುಪು ಗೋಡೆಗೆ ಎರಡು ಕೋಟ್ ಅಂದರೆ ಲೀಟರಿಗೆ ಸುಮಾರು 120ರಿಂದ 140 ಚದರ ಅಡಿ. 1,900 ಅಡಿ ಗೋಡೆಗೆ ಹದಿನಾಲ್ಕರಿಂದ ಹದಿನಾರು ಲೀಟರ್ ಹಿಡಿಯಬೇಕು. ಎಂಟು ಲೀಟರಿನಲ್ಲಿ ಮುಗಿಯಿತು ಅಂದರೆ ನಿಮ್ಮ ಗೋಡೆ ಮೇಲಿರುವುದು ಕಾವೇರಿ ನೀರು. ನಮಗೆ ಹತ್ತರದ್ದು ಒಂದು, ನಾಲ್ಕರದ್ದು ಒಂದು, ಒಂದರದ್ದು ಎರಡು, ಹದಿನಾರು ಲೀಟರ್ ಬಂತು. ಸೀಲು ನನ್ನ ಕಣ್ಣೆದುರೇ ಒಡೆದರು, ಮುಚ್ಚಳದ ಮೇಲಿನ ಶೇಡ್ ಕೋಡ್ ಫೋಟೋ ತೆಗೆದುಕೊಂಡೆ. ಬೇರೆ ಬೇರೆ ಡಬ್ಬದ ಬಣ್ಣ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರಬಹುದು ಅಂತ ರೂಮಿನ ಡಬ್ಬಗಳನ್ನು ಮೇಸ್ತ್ರಿ ದೊಡ್ಡ ಬಕೆಟ್ಟಿಗೆ ಸುರಿದು ಒಂದೇ ಮಾಡಿ ಕದಡಿದರು. ಯಾರೂ ಹೇಳದೆ ಮಾಡಿದ ಕೆಲಸ ಇದು.

ಮಧ್ಯಾಹ್ನ ಮೂರಕ್ಕೇ ಎರಡನೇ ಕೋಟ್ ಶುರುಮಾಡಿ ಅಂತ ಕಂಪನಿಯಿಂದ ಫೋನು ಬಂತು. ಮೇಸ್ತ್ರಿ ಅಂಗೈ ಹಿಂಭಾಗವನ್ನು ಗೋಡೆಗಿಟ್ಟು, ಇನ್ನಾ ತಣ್ಣಗ ಅದ ಅಂತ ಫೋನಿಟ್ಟರು. ನಾಲ್ಕೂವರೆಗೆ ಶುರುವಾಗಿ ರಾತ್ರಿ ಎಂಟೂವರೆಗೆ ಮುಗಿಯಿತು. ಟೇಪು ಕಿತ್ತು, ನೆಲ ಒರೆಸಿ, ಬೀರು ಮಂಚ ಅದರದರ ಜಾಗಕ್ಕೆ ಸೇರಿಸಿ, ಒಂಬತ್ತೂವರೆಗೆ ಹೊರಟರು. ವಾಸನೆ ನಾನು ಹೆದರಿದ್ದಷ್ಟು ಇರಲಿಲ್ಲ, ಕಿಟಕಿ ತೆಗೆದಿಟ್ಟು ಆ ರಾತ್ರಿ ಹಾಲಿನಲ್ಲೇ ಮಲಗಿದೆವು. ಹೊಸ ಗೋಡೆಯನ್ನು ಎರಡು ಮೂರು ವಾರ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ ಅಂದಿದ್ದರು, ಒರೆಸಲಿಲ್ಲ.

ಹಬ್ಬ ಚೆನ್ನಾಗಿ ಆಯಿತು. ದೊಡ್ಡ ನಾದಿನಿ ಎಷ್ಟಾಯಿತು ಅಂತ ಕೇಳಿದರು, ಯಜಮಾನರು ಹತ್ತು ಸಾವಿರ ಕಮ್ಮಿ ಹೇಳಿದರು.

ಇಪ್ಪತ್ತಮೂರನೇ ದಿನ ಹಿಂದಿನ ರೂಮಿನ ಗೋಡೆಯಲ್ಲಿ, ನೆಲದಿಂದ ಒಂದಡಿ ಮೇಲೆ, ಪೂರಿಯ ಹಾಗೆ ಒಂದು ಗುಳ್ಳೆ. ಒತ್ತಿದರೆ ಒಳಗೆ ಮೆತ್ತಗೆ. ವಾರದೊಳಗೆ ಆರೇಳಾದವು, ಒಂದು ಒಡೆದು ಚಕ್ಕೆ ಬಿತ್ತು. ಕಂಪನಿಗೆ ಫೋಟೋ ಕಳಿಸಿದೆ. ನಾಲ್ಕು ದಿನ ಉತ್ತರವಿಲ್ಲ, ಐದನೇ ದಿನ ವಾರಂಟಿ ಕಾಗದದ ಒಂದು ಸಾಲಿಗೆ ಕೆಂಪು ಗುಂಡು ಹಾಕಿ ಕಳಿಸಿದರು. ನೀರಿನ ಸೋರಿಕೆ, ತೇವ, ಬಿರುಕಿನಿಂದ ಆಗುವ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ. ಸರಿ, ಹಾಗಾದರೆ ತೇವ ಇದೆ ಅಂತ ಗೊತ್ತಿದ್ದ ಗೋಡೆಗೆ ತೇವ ತಡೆಯುತ್ತೇವೆ ಅಂತ 3,200 ತೆಗೆದುಕೊಂಡಿದ್ದು ಯಾಕೆ? ಈ ಪ್ರಶ್ನೆಯನ್ನು ಮೂರು ಜನಕ್ಕೆ ಕೇಳಿದ್ದೇನೆ. ಮೂವರೂ ನನ್ನ ಅನಾನುಕೂಲಕ್ಕೆ ವಿಷಾದಿಸಿದರು. ಮುಂದಿನ ಸಲಕ್ಕೆ 1,000 ರೂಪಾಯಿ ರಿಯಾಯಿತಿಯ ಕೂಪನ್ ಕೊಟ್ಟಿದ್ದಾರೆ, ಬೇಕಾದವರು ಕೇಳಿ, ಕೊಟ್ಟುಬಿಡುತ್ತೇನೆ.

ಅದಕ್ಕೇ ಎರಡು ಅಂಕ. ಗೋಡೆ ಒಣಗಿದ್ದು, ಗಾರೆ ಗಟ್ಟಿ ಇದ್ದು, ಬರೀ ಬಣ್ಣ ಹಳೆಯದಾಗಿದ್ದರೆ ಧೈರ್ಯವಾಗಿ ಕರೆಯಿರಿ, ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಬಹುದು. ಕರೆಯುವ ಮುಂಚೆ ಪ್ರತಿ ಗೋಡೆಗೂ ಒಮ್ಮೆ ಅಂಗೈ ಉಜ್ಜಿ, ಒಮ್ಮೆ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದ ಗೋಡೆಯನ್ನು ಅಳತೆಯಿಂದಲೇ ತೆಗೆಸಿ, ಅದೂ ಆರ್ಡರ್ ಸಿಸ್ಟಮ್‌ಗೆ ಹೋಗುವ ಮೊದಲು. ವಾರಂಟಿ ಕಾಗದದಲ್ಲಿ ಯಾವುದಕ್ಕೆ ಅನ್ವಯಿಸುವುದಿಲ್ಲ ಅನ್ನುವ ಭಾಗ ಮೊದಲು ಓದಿ, ಉಳಿದಿದ್ದನ್ನು ಓದದೇ ಇದ್ದರೂ ನಡೆಯುತ್ತೆ.

ಬಚ್ಚಲಿನ ಟೈಲ್ಸ್ ಸಂದಿಗಳನ್ನು ಹೊಸದಾಗಿ ತುಂಬಿಸಿ, ನಲ್ಲಿಯ ಹಿಂದಿನ ಒಂದು ಪೈಪು ಬದಲಾಯಿಸಿದ್ದಾಗಿದೆ. ಗೋಡೆಯ ಕೆಳಗಿನ ಎರಡಡಿ ಕೆತ್ತಿಸಿ ಹಾಗೇ ಬಿಟ್ಟಿದ್ದೇವೆ, ಇಟ್ಟಿಗೆ ಕಾಣುತ್ತಿದೆ. ಮೇಸ್ತ್ರಿ ನಂಬರ್ ನನ್ನ ಹತ್ತಿರ ಇದೆ, ಹೇಗೆ ಬಂತು ಅಂತ ಕೇಳಬೇಡಿ. ಮೊನ್ನೆ ಫೋನ್ ಮಾಡಿ, ಯಾವಾಗ ಬರ್ತೀರಣ್ಣಾ ಅಂತ ಕೇಳಿದೆ. "ಈಗ ಬ್ಯಾಡ್ರಿ ಅಕ್ಕಾರ, ಚಳಿಗಾಲ ಮುಗೀಲಿ, ಸಂಕ್ರಮಣ ಆದ ಮ್ಯಾಲ ಒಂದ್ಸಲ ಕೈ ಹಚ್ಚಿ ನೋಡ್ರಿ, ತಣ್ಣಗ ಹತ್ತಲಿಲ್ಲಂದ್ರ ಫೋನ್ ಮಾಡ್ರಿ" ಅಂದರು. ಮುಕ್ಕಾಲು ಲೀಟರ್ ಪೇಂಟು ಉಳಿದಿದೆ, ಮುಚ್ಚಳ ಬಿಗಿಯಾಗಿ ಬಡಿದು ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ.